ಪಿಕಪ್ ಗಾಡಿಯ ವಿದ್ಯುದ್ರೋಗ ಪರೀಕ್ಷೆ

ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ, ಮಹಾಗಣಪತಿಯ ದೇವಾಲಯಕ್ಕೆ ಹೋಗುವ ದಾರಿಯ ಬದಿಯಲ್ಲಿ, ನಮಗೆ ಪರಿಚಿತನಾದ ತರುಣನೊಬ್ಬನ ಬಾಡಿಗೆಯ ಪಿಕಪ್ ಗಾಡಿಯು ಒಂದು ಮಳೆಗಾಲದ ಕೊನೆಯಲ್ಲಿ ಮೂರು ದಿನ ನಿಂತಲ್ಲೇ ನಿಂತಿದ್ದಿತು. ಈ ಗಾಡಿಯ ದಿನಚರಿಯನ್ನು ಮೊದಲು ಹೇಳಬೇಕು. ಏಕೆಂದರೆ ರೋಗದ ಮೂಲವು ಅದರಲ್ಲಿಯೇ ಇದ್ದಿತು. ನಸುಕಿಗೆ ಮುಂಚೆ ಕಾಸರಕೋಡಿನ ಬಂದರಿನಲ್ಲಿ ಮಂಜುಗಡ್ಡೆ ತುಂಬಿದ ಮೀನಿನ ಪೆಟ್ಟಿಗೆಗಳನ್ನು ಹೇರಿಕೊಂಡು, ಶರಾವತಿಯ ಸೇತುವೆಯನ್ನು ದಾಟಿ, ಗೇರುಸೊಪ್ಪೆಯ ಘಟ್ಟವನ್ನು ಹತ್ತಿ ಸಾಗರದ ಪೇಟೆಯನ್ನು ಮುಟ್ಟುವುದು. ಮರಳುವಾಗ ಸಿಕ್ಕ ಬಾಡಿಗೆಯನ್ನು ತರುವುದು. ಅಡಕೆಯ ಕಾಲದಲ್ಲಿ ಕುಮಟೆಗೆ ಚೀಲಗಳನ್ನು ಸಾಗಿಸುವುದು. ಕರಗಿದ ಮಂಜಿನ ಉಪ್ಪುನೀರು ಹಲಗೆಗಳ ಸಂದಿಯಿಂದ ದಾರಿಯುದ್ದಕ್ಕೂ ಚಾಸಿಯ ಮೇಲೆ ತೊಟ್ಟಿಕ್ಕುತ್ತಿರುತ್ತದೆ.

ಗಾಡಿಯ ಮೇಲೆ ದೂರುಗಳು ಮೂರು. ಕೀಲಿಯನ್ನು ತಿರುಗಿಸಿದರೆ ಸೆಲ್ಫ್ ಮೋಟರು ಒಮ್ಮೆ ‘ಟಕ್’ ಎಂದು ಸುಮ್ಮನಾಗುವುದು, ಇನ್ನೊಮ್ಮೆ ಮುಲುಗುತ್ತ ತಿರುಗುವುದು. ಮುಂದಿನ ದೀಪಗಳು ದಿನೇ ದಿನೇ ಮಂಕಾಗುತ್ತ ಬಂದು, ಒಂದು ಮಳೆಯ ರಾತ್ರಿ ಘಟ್ಟದ ತಿರುವುಗಳಲ್ಲಿ ರಸ್ತೆಯ ಅಂಚು ಕಾಣದೆ, ಮುಂದೆ ಹೋಗುತ್ತಿದ್ದ ಲಾರಿಯೊಂದರ ಹಿಂಬದಿಯ ಕೆಂಪು ದೀಪವನ್ನೇ ನಂಬಿ ಗಾಡಿಯನ್ನು ಕೆಳಗಿಳಿಸಬೇಕಾಯಿತು. ಆ ಲಾರಿ ಇಲ್ಲದಿದ್ದಲ್ಲಿ ಏನಾಗುತ್ತಿತ್ತೆಂಬುದನ್ನು ಆ ಹುಡುಗನು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೂರನೆಯದು ಎಲ್ಲಕ್ಕಿಂತ ವಿಚಿತ್ರವಾದುದು. ದೀಪಗಳೆಲ್ಲ ಆರಿರುವಾಗ ಬ್ರೇಕನ್ನು ತುಳಿದರೆ, ಚಾಲಕನ ಮುಂದಿನ ಫಲಕದಲ್ಲಿರುವ ಪುಟ್ಟ ದೀಪಗಳು ಮಂದವಾಗಿ ಹೊತ್ತಿಕೊಳ್ಳುತ್ತಿದ್ದುವು! ಯಾರದೋ ಕಣ್ಣು ತಾಗಿದೆಯೆಂದು ಮನೆಯವರು ಗಾಡಿಯ ಮೂತಿಗೆ ಲಿಂಬೆಹಣ್ಣು, ಮೆಣಸಿನಕಾಯಿಗಳನ್ನು ಕಟ್ಟಿದ್ದರು.

“ಮಾಸ್ತರೇ, ಬ್ಯಾಟರಿ ಎರಡು ಸಲ ಹೊಸತಾಯಿತು, ಸೆಲ್ಫ್ ಬಿಚ್ಚಿ ಕಟ್ಟಿಸಿಯಾಯಿತು. ಇನ್ನು ಹೊಸತಾಗಬೇಕಾದವನು ನಾನೊಬ್ಬನೇ” ಎಂದು ಅವನು ನಕ್ಕನು. ನಗುವಿನ ಹಿಂದೆ ಎರಡು ಬ್ಯಾಟರಿಗಳ ಸಾಲವಿದ್ದಿತು.

ವಾಚಕರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬ್ಯಾಟರಿಯಿಂದ ಹೊರಟ ವಿದ್ಯುತ್ಪ್ರವಾಹವು ದೀಪವನ್ನೋ ಮೋಟರನ್ನೋ ಹಾದು ಮತ್ತೆ ಬ್ಯಾಟರಿಗೆ ಬಂದು ಸೇರಿದರೆ ಮಾತ್ರ ಕೆಲಸ ನಡೆಯುತ್ತದೆ. ಹೋಗುವುದಕ್ಕೆ ಒಂದು ದಾರಿ, ಬರುವುದಕ್ಕೆ ಒಂದು ದಾರಿ. ಮನೆಯ ದೀಪಕ್ಕೆ ಈ ಎರಡು ದಾರಿಗಳಿಗಾಗಿ ಎರಡು ತಂತಿಗಳಿರುತ್ತವೆ. ಮೋಟಾರು ಗಾಡಿಯಲ್ಲಾದರೋ ತಾಮ್ರದ ಖರ್ಚನ್ನು ಉಳಿಸಲು ಹೋಗುವ ದಾರಿಗೆ ಮಾತ್ರ ತಂತಿಯನ್ನು ಹಾಕಿ, ಬರುವ ದಾರಿಗೆ ಗಾಡಿಯ ಉಕ್ಕಿನ ಮೈಯನ್ನೇ ಬಳಸುತ್ತಾರೆ. ಬ್ಯಾಟರಿಯ ಋಣಾಗ್ರದಿಂದ ದಪ್ಪ ಕೇಬಲ್ಲೊಂದು ಚಾಸಿಗೆ ಬಂದು ಬೋಲ್ಟಿನಿಂದ ಬಿಗಿಯಲ್ಪಟ್ಟಿರುತ್ತದೆ. ಎಂಜಿನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುವುದರಿಂದ, ಚಾಸಿಯಿಂದ ಎಂಜಿನಿಗೆ ಹೆಣೆದ ತಾಮ್ರದ ಪಟ್ಟಿಯೊಂದು ಹೋಗುತ್ತದೆ. ಪ್ರತಿಯೊಂದು ದೀಪದ ಬುಡದಿಂದಲೂ ಗಿಡ್ಡ ತಂತಿಯೊಂದು ಹತ್ತಿರದ ತಗಡಿಗೆ ಸೇರುತ್ತದೆ. ಇವುಗಳನ್ನು ನಮ್ಮ ಮೆಕ್ಯಾನಿಕ್ಕರು ‘ಅರ್ಥ್’ ಎಂದು ಕರೆಯುತ್ತಾರೆ. ಗಾಡಿಯು ರಬ್ಬರು ಟೈರುಗಳ ಮೇಲೆ ನಿಂತಿರುವ ಕಾರಣ ಭೂಮಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಹೆಸರು ಬೇರೂರಿಬಿಟ್ಟಿದೆ. ‘ಅರ್ಥ್ ಸರಿಯಿಲ್ಲ’ ಎಂದು ಅವರು ಹೇಳಿದಾಗ ಅನರ್ಥವು ಹತ್ತಿರದಲ್ಲೇ ಇದೆಯೆಂದು ತಿಳಿದರೆ ತಪ್ಪಾಗದು.

ಕಣ್ಣಿಗೆ ಕಾಣುವ ಕೆಂಪು ತಂತಿಗಳನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಮೈಯೊಳಗೆ ಮೈಯಾಗಿ ಅಡಗಿರುವ ಈ ಹಿಂದಿರುಗುವ ದಾರಿಯನ್ನು ಪರೀಕ್ಷಿಸುವವರು ಕಡಮೆ. ಕರಾವಳಿಯ ಗಾಡಿಗಳಲ್ಲಿ ನಾವು ಕಂಡ ವಿದ್ಯುದ್ರೋಗಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟಿದಂಥವು.

ಇದರ ಕಾರಣವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1800ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು ಎರಡು ಬೇರೆ ಬೇರೆ ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಪೇರಿಸಿ, ಲೋಕಕ್ಕೆ ಮೊದಲ ವಿದ್ಯುತ್ಕೋಶವನ್ನು ಕೊಟ್ಟನು. ನಮ್ಮ ಪಿಕಪ್ಪಿನ ಅರ್ಥ್ ಬೋಲ್ಟು ಅದೇ ಪ್ರಯೋಗದ ಮರುಕಳಿಕೆ! ತಾಮ್ರದ ಕಿವಿ, ಉಕ್ಕಿನ ಚಾಸಿ, ನಡುವೆ ಮೀನಿನ ಪೆಟ್ಟಿಗೆಯಿಂದ ಇಳಿದ ಉಪ್ಪುನೀರು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ವಿದ್ಯುತ್ತನ್ನು ಒಯ್ಯಲು ಇದು ಧಾರಾಳವಾಗಿ ಸಾಕು. ಇಂತಹ ಕೂಟದಲ್ಲಿ ತಾಮ್ರಕ್ಕಿಂತ ಉಕ್ಕು ಬೇಗನೆ ಕರಗುತ್ತದೆ. ಬಿಗಿಯಾಗಿದ್ದ ಕೀಲಿನೊಳಗೆ ತುಕ್ಕಿನ ಪದರವು ಬೆಳೆಯುತ್ತದೆ. ತಾಮ್ರವಾದರೂ ಉಳಿಯುವುದಿಲ್ಲ, ಹೆಣೆದ ಪಟ್ಟಿಯ ಕೂದಲೆಳೆಯಂಥ ತಂತಿಗಳ ನಡುವೆ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಉಪ್ಪುನೀರು ಏರಿ ಹೋಗಿ ಅವುಗಳನ್ನು ಹಸಿರು ಹುಡಿಯಾಗಿ ಮಾಡುತ್ತದೆ. ತುಕ್ಕಾಗಲಿ, ಈ ಹಸಿರು ಹುಡಿಯಾಗಲಿ ಲೋಹದಂತೆ ವಿದ್ಯುತ್ತನ್ನು ಒಯ್ಯಲಾರದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಉಳಿದ ಕಾಲದಲ್ಲಿ ಕಡಲ ಗಾಳಿ ಬೀಸುವ ನಾಡಿನಲ್ಲಿ ಈ ಕ್ರಿಯೆಗೆ ಬಿಡುವೆಂಬುದೇ ಇಲ್ಲ.

ಹಾಗಾದರೆ ಈ ದೋಷವು ಪರೀಕ್ಷೆಗೆ ಸಿಕ್ಕದೆ ಹೇಗೆ ತಪ್ಪಿಸಿಕೊಂಡಿತು? ಗ್ಯಾರೇಜಿನಲ್ಲಿ ದೀಪವನ್ನು ಹಿಡಿದು ನೋಡಿದ್ದರು, ಮೀಟರನ್ನೂ ಹಚ್ಚಿದ್ದರು. ಎಲ್ಲ ಕಡೆಯೂ 12 ವೋಲ್ಟು ಬರುತ್ತಿದೆಯೆಂದು ಹೇಳಿ ಕಳುಹಿಸಿದ್ದರು. ಅವರು ಹೇಳಿದುದು ಸುಳ್ಳಲ್ಲ. ಅಡಕೆ ತೋಟದವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಸ್ಪ್ರಿಂಕ್ಲರಿನ ಪೈಪಿನೊಳಗೆ ಕಸ ಸಿಕ್ಕಿಕೊಂಡು ಮುಕ್ಕಾಲು ಮುಚ್ಚಿದೆಯೆನ್ನೋಣ. ತುದಿಯ ನಲ್ಲಿಯನ್ನು ಮುಚ್ಚಿ ಒತ್ತಡವನ್ನು ಅಳೆದರೆ ಪಂಪಿನ ಪೂರ್ತಿ ಒತ್ತಡವೇ ಕಾಣುತ್ತದೆ. ನೀರು ಹರಿಯದಿರುವಾಗ ಕಸವು ತಡೆಯುವುದೇನನ್ನು? ನಲ್ಲಿಯನ್ನು ತೆರೆದ ಕ್ಷಣವೇ ಒತ್ತಡ ಕುಸಿದು ನೀರು ಬುಡದಲ್ಲಿಯೇ ತೊಟ್ಟಿಕ್ಕುತ್ತದೆ. ವಿದ್ಯುತ್ತಿನ ನಡತೆಯೂ ಇಂಥದೇ. ಜರ್ಮನಿಯ ಓಮ್ ಎಂಬವನು 1827ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಒಂದು ಕೀಲಿನಲ್ಲಿ ನಷ್ಟವಾಗುವ ವೋಲ್ಟು ಅದರ ರೋಧವನ್ನು ಪ್ರವಾಹದಿಂದ ಗುಣಿಸಿದಷ್ಟು. ಪ್ರವಾಹ ಸೊನ್ನೆಯಾದರೆ ನಷ್ಟವೂ ಸೊನ್ನೆ. ಆದುದರಿಂದ ಕೆಲಸ ಮಾಡದೆ ಸುಮ್ಮನಿರುವ ತಂತಿಯಲ್ಲಿ ಅಳೆದ ವೋಲ್ಟು ಏನನ್ನೂ ಹೇಳಲಾರದು. ಹೊರೆ ಹೊತ್ತಿರುವಾಗಲೇ ಅಳೆಯಬೇಕು. ದೀಪ ಉರಿಯುತ್ತಿರುವಾಗ, ಸೆಲ್ಫ್ ತಿರುಗುತ್ತಿರುವಾಗ.

ನಾವು ಮಾಡಿದುದು ಇಷ್ಟೆ. ಗಾಡಿಯನ್ನು ಗೇರಿನಿಂದ ಬಿಡಿಸಿ, ಕೈಬ್ರೇಕನ್ನು ಎಳೆದು, ಹುಡುಗನನ್ನು ಕೀಲಿಯ ಬಳಿ ಕೂರಿಸಿದೆವು. ಬ್ಯಾಟರಿಯ ಎರಡು ಕಂಬಗಳ ನಡುವೆ ಮಲ್ಟಿಮೀಟರು ವಿಶ್ರಾಂತಿಯಲ್ಲಿ 12.5 ವೋಲ್ಟನ್ನು ತೋರಿಸಿತು. ಆರು ಕೋಶಗಳ ಸೀಸದ ಬ್ಯಾಟರಿಯು ಪೂರ್ತಿ ತುಂಬಿದಾಗ ಸುಮಾರು 12.6 ಅಥವಾ 12.7 ಇರತಕ್ಕದ್ದು, ಹಾಗಾಗಿ ಇದು ಬಹುಮಟ್ಟಿಗೆ ಆರೋಗ್ಯವಂತವೇ. ಕೀಲಿ ತಿರುಗಿಸಿದಾಗ ಅದೇ ಕಂಬಗಳ ನಡುವೆ 10.9. ಇದಕ್ಕೂ ದೂರಿಲ್ಲ. ಆದರೆ ಅದೇ ಸಮಯಕ್ಕೆ ಸೆಲ್ಫ್ ಮೋಟರಿನ ತಾಮ್ರದ ಬೋಲ್ಟಿಗೂ ಅದರ ಮೈಗೂ ನಡುವೆ ಅಳೆದರೆ 7.8 ಮಾತ್ರ! ಬ್ಯಾಟರಿಯಿಂದ ಹೊರಟ 10.9ರಲ್ಲಿ 3.1 ವೋಲ್ಟು ದಾರಿಯಲ್ಲಿಯೇ ಕಳವಾಗಿದ್ದಿತು.

ಕಳ್ಳನು ಯಾವ ದಾರಿಯಲ್ಲಿದ್ದಾನೆಂಬುದನ್ನು ತಿಳಿಯಲು ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನಾಗ್ರಕ್ಕೂ ಇನ್ನೊಂದನ್ನು ಸೆಲ್ಫಿನ ಬೋಲ್ಟಿಗೂ ಮುಟ್ಟಿಸಿ ಮತ್ತೆ ಕೀಲಿ ತಿರುಗಿಸಿದೆವು. ಹೋಗುವ ದಾರಿಯ ನಷ್ಟ 0.3. ಋಣಾಗ್ರಕ್ಕೂ ಎಂಜಿನಿನ ಮೈಗೂ ಮುಟ್ಟಿಸಿದಾಗ 2.8. ಈ ಬರುವ ದಾರಿಯನ್ನು ತುಂಡು ತುಂಡಾಗಿ ಅಳೆಯುತ್ತ ಹೋದೆವು: ಸೀಸದ ಕಂಬದಿಂದ ಅದರ ಹಿಡಿಕೆಗೆ 0.1, ಹಿಡಿಕೆಯಿಂದ ಚಾಸಿಗೆ 0.2, ಚಾಸಿಯಿಂದ ಎಂಜಿನಿಗೆ 2.5. ಎಂಜಿನಿನ ಪಟ್ಟಿಯೇ ಅಪರಾಧಿ. ಇಡೀ ಬರುವ ದಾರಿಯಲ್ಲಿ 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ನಷ್ಟವಾಗಕೂಡದು.

ಈ 2.5 ವೋಲ್ಟು ಎಷ್ಟು ದೊಡ್ಡದೆಂಬುದನ್ನು ನೋಡಿ. ಇಂಥ ಡೀಸೆಲ್ ಎಂಜಿನನ್ನು ತಿರುಗಿಸುವಾಗ ಸೆಲ್ಫ್ 150 ಆಂಪಿಯರು ಎಳೆಯಿತೆಂದು ಇಟ್ಟುಕೊಂಡರೆ, ಪಟ್ಟಿಯಲ್ಲಿ 375 ವಾಟುಗಳಷ್ಟು ಶಕ್ತಿಯು ಬರಿಯ ಬಿಸಿಯಾಗಿ ಹೋಗುತ್ತಿದ್ದಿತು. ಆದರೂ ಪಟ್ಟಿಯ ರೋಧ ಎಷ್ಟು? ಒಂದು ಓಮಿನ ಅರವತ್ತನೆಯ ಒಂದು ಭಾಗ! ಸಾಮಾನ್ಯ ಮೀಟರಿನ ತಂತಿಗಳ ರೋಧವೇ ಇದಕ್ಕಿಂತ ಹತ್ತಾರು ಪಾಲು ಹೆಚ್ಚು. ರೋಧವನ್ನೇ ನೇರವಾಗಿ ಅಳೆಯಹೊರಟವರಿಗೆ ಈ ದೋಷವು ಎಂದಿಗೂ ಕಾಣುವುದಿಲ್ಲ. ಪ್ರವಾಹವನ್ನು ಹರಿಯಬಿಟ್ಟು ವೋಲ್ಟನ್ನು ಅಳೆದವರಿಗೆ ಅದು ಕೂಗಿ ಹೇಳುತ್ತದೆ.

ಪಟ್ಟಿಯು ಪೂರ್ತಿಯಾಗಿ ಕಡಿದುಹೋದರೆ ಇನ್ನೊಂದು ಅಪಾಯವುಂಟು. ನೂರಾರು ಆಂಪಿಯರುಗಳ ಪ್ರವಾಹವು ಎಂಜಿನನ್ನೂ ಚಾಸಿಯನ್ನೂ ಕೂಡಿಸುವ ಬೇರೆ ಯಾವುದಾದರೂ ಲೋಹವನ್ನು ಹುಡುಕುತ್ತದೆ. ಹಳೆಯ ಗಾಡಿಗಳಲ್ಲಿ ಅದು ಆಕ್ಸಿಲರೇಟರಿನ ಅಥವಾ ಕ್ಲಚ್ಚಿನ ಉಕ್ಕಿನ ತಂತಿ. ಸೆಲ್ಫ್ ಹಾಕಿದಾಗಲೆಲ್ಲ ಆಕ್ಸಿಲರೇಟರು ಬಿಗಿಯಾಗುತ್ತದೆ, ತಂತಿಯ ಹೊದಿಕೆಯಿಂದ ಹೊಗೆ ಬರುತ್ತದೆ ಎಂಬ ದೂರು ಕೇಳಿದರೆ, ತಂತಿಯನ್ನು ಬದಲಿಸುವ ಮೊದಲು ಅರ್ಥಿನ ಪಟ್ಟಿಯನ್ನು ನೋಡಬೇಕು.

ಎರಡು ಬ್ಯಾಟರಿಗಳು ಏಕೆ ಸತ್ತುವೆಂಬುದೂ ಈಗ ತಿಳಿಯಿತು. ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರು ಎಂಜಿನಿಗೆ ಬಿಗಿಯಲ್ಪಟ್ಟಿದೆ. ಈ ಗಾಡಿಯಲ್ಲಿ ಬ್ಯಾಟರಿಯ ಋಣಾಗ್ರ ಚಾಸಿಗೆ ಸೇರಿದೆ. ತುಂಬಿಸುವ ಪ್ರವಾಹವೂ ಅದೇ ಕೊಳೆತ ಪಟ್ಟಿಯ ಮೂಲಕ ಹಿಂದಿರುಗಬೇಕು. ಮಳೆಯ ರಾತ್ರಿ ದೀಪ, ವೈಪರುಗಳ ಜೊತೆಗೆ 30 ಆಂಪಿಯರು ಹರಿದರೆ ಅರ್ಧ ವೋಲ್ಟು ಅಲ್ಲಿಯೇ ಹೋಯಿತು. ಆಲ್ಟರ್ನೇಟರು ತನ್ನ ಮಟ್ಟಿಗೆ 14.1 ವೋಲ್ಟು ಕೊಟ್ಟೆನೆಂದು ತೃಪ್ತಿಪಟ್ಟುಕೊಳ್ಳುತ್ತಿರುವಾಗ ಬ್ಯಾಟರಿಗೆ ದಕ್ಕಿದುದು 13.6. ಪ್ರತಿದಿನವೂ ಅರೆಹೊಟ್ಟೆ. ಅರೆತುಂಬಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು, ಅದರ ಆಯುಸ್ಸು ಬೇಗನೆ ಮುಗಿಯುತ್ತದೆ. ಹೊಸ ಬ್ಯಾಟರಿ ಹಾಕಿದ ಕೆಲವು ವಾರ ಎಲ್ಲವೂ ಸರಿಯಾದಂತೆ ತೋರುತ್ತದೆ; ಮತ್ತೆ ಹಳೆಯ ಕಥೆ. ರೋಗಿಯನ್ನೇ ರೋಗವೆಂದು ತಿಳಿದು ಎರಡು ಬಾರಿ ಎಸೆದದ್ದಾಯಿತು.

ಮುಂದಿನ ದೀಪಗಳ ವಿಚಾರ ಇದರಿಂದ ಬೇರೆ. ಅವುಗಳ ಬುಡದ ತಂತಿಗಳು ಮೂತಿಯ ಎಡಬದಿಯ ತಗಡಿನ ಮೇಲೆ ಒಂದೇ ಸ್ಕ್ರೂವಿಗೆ ಸೇರಿದ್ದುವು. ಎಂಜಿನು ಓಡುತ್ತಿರುವಾಗ ಬ್ಯಾಟರಿಯಲ್ಲಿ 13.6 ವೋಲ್ಟು, ಉರಿಯುವ ದೀಪದ ಎರಡು ತುದಿಗಳ ನಡುವೆ 11.2. ನಷ್ಟವಾದ 2.4ರಲ್ಲಿ 1.8 ಈ ಸ್ಕ್ರೂವಿನದು. ಆರನೆಯ ಒಂದು ಪಾಲಿಗಿಂತ ತುಸು ಹೆಚ್ಚಿನ ಇಳಿತಕ್ಕೆ ಇಷ್ಟೊಂದು ಕತ್ತಲೆಯೇ ಎಂದು ವಾಚಕರು ಕೇಳಬಹುದು. ತಂತುದೀಪದ ಸ್ವಭಾವವೇ ಹಾಗೆ. ತಂತುವು ಸ್ವಲ್ಪ ತಣ್ಣಗಾದರೆ ಅದರಿಂದ ಹೊರಡುವ ಶಕ್ತಿಯ ಬಹುಭಾಗವು ಕಣ್ಣಿಗೆ ಕಾಣದ ಶಾಖಕಿರಣಗಳ ಕಡೆಗೆ ಸರಿದುಬಿಡುತ್ತದೆ. ವೋಲ್ಟು ಹತ್ತರಲ್ಲೊಂದು ಪಾಲು ಇಳಿದರೆ ಬೆಳಕು ಸುಮಾರು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. 13.6ರಿಂದ 11.2ಕ್ಕೆ ಬಂದಾಗ ಉಳಿಯುವುದು ಹೆಚ್ಚುಕಡಮೆ ಅರ್ಧ ಬೆಳಕು. ಘಟ್ಟದಲ್ಲಿ ರಸ್ತೆಯ ಅಂಚನ್ನು ನುಂಗಿದುದು ಮಳೆಯೂ ಅಲ್ಲ, ಮಂಜೂ ಅಲ್ಲ. ತುಕ್ಕು ಹಿಡಿದ ಒಂದು ಸ್ಕ್ರೂ.

ಇನ್ನು ಬ್ರೇಕು ತುಳಿದರೆ ಫಲಕದ ದೀಪ ಹೊತ್ತುವ ಮಾಟ. ಹಿಂಬದಿಯ ಒಂದೊಂದು ಕೆಂಪು ದೀಪದಲ್ಲಿಯೂ ಎರಡು ತಂತುಗಳಿರುತ್ತವೆ. 21 ವಾಟಿನದು ಬ್ರೇಕಿಗೆ, 5 ವಾಟಿನದು ರಾತ್ರಿಯ ಗುರುತಿಗೆ. ಹೋಗುವ ತಂತಿ ಎರಡಕ್ಕೂ ಬೇರೆ ಬೇರೆ, ಬುಡ ಮಾತ್ರ ಒಂದೇ. ನಮ್ಮ ಗಾಡಿಯಲ್ಲಿ ಎಡಬಲಗಳ ಬುಡಗಳೆರಡೂ ಚಾಸಿಯ ಹಿಂತುದಿಯ ಒಂದೇ ಬೋಲ್ಟಿಗೆ ಬಂದು ಸೇರುತ್ತವೆ. ಅದೂ ಮೀನಿನ ನೀರು ಬೀಳುವ ಜಾಗದಲ್ಲಿಯೇ. ಆ ಬೋಲ್ಟು ಪೂರ್ತಿ ಕೆಟ್ಟುಹೋಗಿದ್ದಿತು. ಬ್ರೇಕು ತುಳಿದಾಗ ಪ್ರವಾಹವು ದೊಡ್ಡ ತಂತುವನ್ನು ಹಾದು ಬುಡಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ದಾರಿಯಿಲ್ಲ. ಆಗ ಅದು ಪಕ್ಕದ ಚಿಕ್ಕ ತಂತುವನ್ನು ಹಿಡಿದು, ರಾತ್ರಿಯ ದೀಪಗಳ ತಂತಿಯಲ್ಲಿ ಹಿಮ್ಮುಖವಾಗಿ ಗಾಡಿಯ ಮುಂಭಾಗಕ್ಕೆ ಬರುತ್ತದೆ. ಆ ತಂತಿಗೆ ಮುಂದಿನ ಸಣ್ಣ ದೀಪಗಳೂ ಫಲಕದ ದೀಪಗಳೂ ಜೋಡಿಸಲ್ಪಟ್ಟಿವೆ. ಅವುಗಳ ಬುಡ ಸರಿಯಾಗಿದೆ. ಅವುಗಳ ಮೂಲಕ ಇಳಿದು ಪ್ರವಾಹವು ಚಾಸಿಯನ್ನು ಸೇರಿ ಮನೆಗೆ ಮರಳುತ್ತದೆ. ದಾರಿಯುದ್ದಕ್ಕೂ ವೋಲ್ಟನ್ನು ಹಂಚಿಕೊಳ್ಳಬೇಕಾದುದರಿಂದ ಎಲ್ಲವೂ ಮಂದ. ಇದಕ್ಕಿಂತ ಗಂಭೀರವಾದುದು, ಬ್ರೇಕಿನ ಕೆಂಪು ದೀಪವೇ ಹಿಂದಿನವರಿಗೆ ಸರಿಯಾಗಿ ಕಾಣದಿದ್ದುದು. ಮುಂದಿನ ಲಾರಿಯ ಕೆಂಪು ದೀಪ ಅವನನ್ನು ಉಳಿಸಿದ್ದಿತು. ಅವನ ಹಿಂದೆ ಬರುವವರಿಗೆ ಅವನ ಗಾಡಿ ಆ ಉಪಕಾರವನ್ನು ಮಾಡುವಂತಿರಲಿಲ್ಲ.

ಮೀಟರಿಲ್ಲದವರು ಕೈಚೆಲ್ಲಬೇಕಾಗಿಲ್ಲ. ಗಾಡಿಯ ಉದ್ದದಷ್ಟು ತಂತಿಯ ಒಂದು ತುದಿಯನ್ನು ಬ್ಯಾಟರಿಯ ಋಣಾಗ್ರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಶಂಕೆಯಿರುವ ದೀಪದ ಬುಡಕ್ಕೆ ಮುಟ್ಟಿಸಿದರೆ ಸಾಕು. ದೀಪವು ಒಮ್ಮೆಗೇ ಬೆಳಗಿದರೆ ಅದರ ಅರ್ಥ್ ಕೆಟ್ಟಿದೆ. ಎಂಜಿನಿನ ಪಟ್ಟಿಗೂ ಇದೇ ಉಪಾಯ. ಆದರೆ ಅಲ್ಲಿ ತೆಳು ತಂತಿ ಕೂಡದು, ಒಂದು ಗಾಡಿಯಿಂದ ಇನ್ನೊಂದಕ್ಕೆ ಬ್ಯಾಟರಿ ಜೋಡಿಸಲು ಇಟ್ಟುಕೊಳ್ಳುವ ದಪ್ಪ ಕೇಬಲ್ಲೇ ಬೇಕು. ಫಲಕದ ದೀಪದ ಮಾಟವನ್ನು ನಾವು ಹುಡುಗನ ತಾಯಿಯ ಎದುರಿಗೆ ಒಂದು ತುಂಡು ತಂತಿಯಿಂದ ಬಿಡಿಸಿದೆವು. ಆಕೆ ಮೆಚ್ಚಿದರು, ಲಿಂಬೆಹಣ್ಣನ್ನು ಮಾತ್ರ ಬಿಚ್ಚಲು ಒಪ್ಪಲಿಲ್ಲ.

ಫ್ಯೂಸಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕೆಂಪು 10 ಆಂಪಿಯರಿನದು, ನೀಲಿ 15, ಹಳದಿ 20, ಹಸಿರು 30. ಹೊಸ ಫ್ಯೂಸು ಮತ್ತೆ ಸುಟ್ಟರೆ ತಂತಿ ಎಲ್ಲಿಯೋ ತಗಡಿಗೆ ತಾಗುತ್ತಿದೆಯೆಂದು ತಿಳಿಯಬೇಕೇ ಹೊರತು, ಅದರ ಜಾಗದಲ್ಲಿ ತಾಮ್ರದ ಎಳೆಯನ್ನು ಸುತ್ತಬಾರದು. ಸುಡಬೇಕಾದ ಫ್ಯೂಸು ಸುಡದಿದ್ದರೆ ಸುಡುವುದು ತಂತಿ, ಅದರೊಡನೆ ಗಾಡಿ.

ನಿಂತ ಗಾಡಿಯ ಬ್ಯಾಟರಿ ಖಾಲಿಯಾಗುವ ಪ್ರಶ್ನೆ ನಮ್ಮ ಕರಾವಳಿಗೆ ವಿಶೇಷವಾಗಿ ಸಂಬಂಧಿಸಿದೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ, ನಿಷೇಧವಿರುತ್ತದೆ. ಆ ಕಾಲದಲ್ಲಿ ಅನೇಕ ಮೀನಿನ ಗಾಡಿಗಳು ಕದಲುವುದಿಲ್ಲ. ಕೀಲಿಯನ್ನು ತೆಗೆದಿದ್ದರೂ ಈಗಿನ ಗಾಡಿಗಳು ಗಡಿಯಾರ, ಕಂಪ್ಯೂಟರು ಮುಂತಾದುವುಗಳಿಗಾಗಿ ಸ್ವಲ್ಪ ಪ್ರವಾಹವನ್ನು ಹೀರುತ್ತಿರುತ್ತವೆ. 50 ಮಿಲಿ ಆಂಪಿಯರನ್ನು ದೋಷವೆಂದು ಯಾರೂ ಹೇಳರು. ಆದರೆ ದಿನಕ್ಕೆ 1.2 ಆಂಪಿಯರ್-ಗಂಟೆಯಂತೆ 61 ದಿನಗಳಿಗೆ ಅದು 73 ಆಂಪಿಯರ್-ಗಂಟೆಯಾಗುತ್ತದೆ. ಇಂಥ ಗಾಡಿಗಳ ಒಂದು ಬ್ಯಾಟರಿಯಲ್ಲಿ ಅಷ್ಟು ಇದ್ದರೆ ಹೆಚ್ಚು. ಋಣಾಗ್ರದ ಕೇಬಲ್ಲನ್ನು ಬಿಚ್ಚಿಡುವುದೇ ಇದಕ್ಕೆ ಮದ್ದು. ಋಣಾಗ್ರವನ್ನೇ ಮೊದಲು ಬಿಚ್ಚಬೇಕು: ಪಾನವು ಜಾರಿ ಚಾಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ತುಂಬುತ್ತಿರುವ ಬ್ಯಾಟರಿಯಿಂದ ಜಲಜನಕವು ಹೊರಡುವುದರಿಂದ ಅದರ ಬಳಿ ಕಿಡಿಯೂ ಬೀಡಿಯೂ ಸಲ್ಲವು.

ಹಳಬರ ಒಂದು ಪದ್ಧತಿಯನ್ನು ಇಲ್ಲಿ ಖಂಡಿಸಲೇಬೇಕು. ಎಂಜಿನು ಓಡುತ್ತಿರುವಾಗ ಬ್ಯಾಟರಿಯ ಕೇಬಲ್ಲನ್ನು ಕಿತ್ತು, ಎಂಜಿನು ನಿಲ್ಲದಿದ್ದರೆ ಆಲ್ಟರ್ನೇಟರು ಸರಿಯೆಂದು ಹೇಳುವ ಪದ್ಧತಿ ಡೈನಮೋಗಳ ಕಾಲದ್ದು. ಇಂದಿನ ಗಾಡಿಯಲ್ಲಿ ಹಾಗೆ ಮಾಡಿದರೆ ಹೊರೆ ತಪ್ಪಿದ ಆಲ್ಟರ್ನೇಟರಿನ ವೋಲ್ಟು ಕ್ಷಣಮಾತ್ರ ಹಲವು ಪಾಲು ಮೇಲೇರಿ, ಎಂಜಿನನ್ನು ಆಳುವ ಕಂಪ್ಯೂಟರನ್ನೇ ಸುಡಬಹುದು. ಎಂಜಿನು ಓಡುವಾಗ ಬ್ಯಾಟರಿಯ ಕಂಬಗಳ ಮೇಲೆ 13.8ರಿಂದ 14.5ರ ವರೆಗೆ ಬಂದರೆ ಸಾಕು, ಏನನ್ನೂ ಕೀಳಬೇಕಾದುದಿಲ್ಲ.

ನಮ್ಮ ಗಾಡಿಯ ಚಿಕಿತ್ಸೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಎಂಜಿನಿಗೆ ಹೊಸ ಪಟ್ಟಿ. ಮೂರು ಕಡೆಗಳಲ್ಲಿಯೂ ಬಣ್ಣ ಮತ್ತು ತುಕ್ಕನ್ನು ಹೊಳೆಯುವ ಲೋಹ ಕಾಣುವ ತನಕ ಎಮರಿ ಕಾಗದದಿಂದ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ಗ್ರೀಸಿನ ದಪ್ಪ ಲೇಪ. ಗ್ರೀಸನ್ನು ಮೊದಲೇ ಬಳಿದು ಆಮೇಲೆ ಸಡಿಲವಾಗಿ ಬಿಗಿಯುವವರುಂಟು. ಗ್ರೀಸು ವಿದ್ಯುದ್ವಾಹಕವಲ್ಲ, ಅದರ ಕೆಲಸ ನೀರನ್ನು ತಡೆಯುವುದಷ್ಟೆ. ಮತ್ತೆ ಕೀಲಿ ತಿರುಗಿಸಿ ಅಳೆದಾಗ ಚಾಸಿಗೂ ಎಂಜಿನಿಗೂ ನಡುವೆ 0.1 ವೋಲ್ಟಿದ್ದಿತು, ಸೆಲ್ಫ್ ಮುಲುಗದೆ ಎಂಜಿನನ್ನು ಎಬ್ಬಿಸಿತು. ಹಿಂದಿನ ದೀಪಗಳ ಬೋಲ್ಟನ್ನು ನೀರು ಬೀಳದ ಮಗ್ಗುಲಿಗೆ ಸರಿಸಬೇಕೆಂದು ನಾವು ಹೇಳಿದ್ದೆವು. ಆ ರಾತ್ರಿಯೇ ಬಾಡಿಗೆಯಿದ್ದುದರಿಂದ ಹಳೆಯ ಜಾಗದಲ್ಲಿಯೇ ಬಿಗಿದು ಕೊಟ್ಟುದಾಯಿತು. ಮುಂದಿನ ಮಳೆಗಾಲದೊಳಗೆ ಅದನ್ನು ಇನ್ನೊಮ್ಮೆ ಬಿಚ್ಚಿ ನೋಡಬೇಕು.